ಸಹಾಯ ಬೇಕು: ಹೌರಾ–ಚಕ್ರಧರಪುರ ರಾತ್ರಿ ಗಾಡಿಯಲ್ಲಿ ಹೋದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಕೋಲ್ಕತ್ತದ ಪಕ್ಕದ ಹೌರಾದಿಂದ ಜಾರ್ಖಂಡ್‌ನ ಚಕ್ರಧರಪುರಕ್ಕೆ ರಾತ್ರಿಯಿಡೀ ಓಡುವ ಗಾಡಿಯಲ್ಲಿ ಅಪ್ಪನನ್ನು ಕರೆದುಕೊಂಡು ಹೋಗಬೇಕೆಂದಿದ್ದೇನೆ. ವರ್ಷಗಟ್ಟಲೆ ಪ್ಯಾಸೆಂಜರ್ ಆಗಿದ್ದ ಇದು ಈಗ 18011 ಸಂಖ್ಯೆಯ ಎಕ್ಸ್‌ಪ್ರೆಸ್. ನಮ್ಮ ಮನೆಯಲ್ಲಿ ಮಾತ್ರ ಇಂದಿಗೂ ಅದು ಪ್ಯಾಸೆಂಜರೇ.

ಖರಗ್‌ಪುರ, ಬಿಷ್ಣುಪುರ, ಬಾಂಕುಡಾ ದಾಟಿ ಆದ್ರಾ ಜಂಕ್ಷನ್ ಸೇರಿದ ಮೇಲೆ ಗಾಡಿ ಎರಡಾಗುತ್ತದೆ. ಒಂದು ಭಾಗ ಬೊಕಾರೊ ಕಡೆಗೆ, ಇನ್ನೊಂದು ಪುರುಲಿಯಾ, ಟಾಟಾನಗರದ ಮೇಲೆ ಚಕ್ರಧರಪುರಕ್ಕೆ. ಅಪ್ಪ ಹುಬ್ಬಳ್ಳಿಯಲ್ಲಿ ಪಾಯಿಂಟ್ಸ್‌ಮನ್, ಅಂದರೆ ಬೋಗಿಗಳನ್ನು ಜೋಡಿಸಿ ಬಿಡಿಸುವ ರೈಲ್ವೆ ನೌಕರ, ಆಗಿದ್ದವರು. ಬ್ರೇಕ್ ಕೊಳವೆ ಬಿಡಿಸಿದಾಗ ಬುಸ್ಸೆಂದು ಹೊರಡುವ ಗಾಳಿ, ಕೊಂಡಿ ಕಳಚುವ ಸದ್ದು, ಗ್ರೀಸ್ ಹತ್ತಿದ ಕೈ, ಇವೆಲ್ಲ ಅವರ ಆಯುಷ್ಯದ ಭಾಗ. ಆದ್ರಾದಲ್ಲಿ ಆ ಕೆಲಸವನ್ನು ಅವರು ಪ್ಲಾಟ್‌ಫಾರ್ಮಿನ ಮೇಲೆ ನಿಂತು ನೋಡಬೇಕು. ನನ್ನ ಆಸೆ ಇಷ್ಟೇ.

ಗಾಡಿ ತುಂಡಾಗುವ ಜಾಗಕ್ಕೆ ಯಾವ ಬೋಗಿ ಹತ್ತಿರ? ಇಳಿದು ನೋಡಿ ಮತ್ತೆ ಹತ್ತುವಷ್ಟು ಹೊತ್ತು ನಿಲ್ಲುತ್ತದೆಯೇ? ಅಪ್ಪನಿಗೆ ಮಂಡಿನೋವು, ಓಡಲಾಗದು. ಹಿಂದಿನ ಪ್ಯಾಸೆಂಜರ್ ಕಾಲದ ಫೋಟೊ, ಟಿಕೆಟ್ ಯಾರಲ್ಲಾದರೂ ಇದ್ದರೆ ದಯವಿಟ್ಟು ಇಲ್ಲಿ ಹಾಕಿ, ಅವರಿಗೆ ತೋರಿಸುತ್ತೇನೆ.