ಫರ್ನೇಸ್ ಟ್ರಾಲಿ ಬೇರಿಂಗ್‌ಗೆ ಗ್ಯಾಲಿಯಂ ಹಾಕಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ಪೀಣ್ಯದ ಒಂದು ಹೀಟ್ ಟ್ರೀಟ್‌ಮೆಂಟ್ ಶಾಪ್‌ನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಫರ್ನೇಸ್ ಟ್ರಾಲಿ ಚಕ್ರದ ಬೇರಿಂಗ್ 300 ಡಿಗ್ರಿ ಹತ್ತಿರ ಹೋಗುತ್ತದೆ. ಯಾವ ಗ್ರೀಸ್ ತುಂಬಿದರೂ ಕರಕಲಾಗಿ ಗಟ್ಟಿ ಕೂರುತ್ತದೆ. ಸಿ.ಟಿ. ಸ್ಕ್ಯಾನ್ ಮಷಿನ್‌ನಲ್ಲಿ ಗ್ಯಾಲಿಯಂ ಅನ್ನೋ ದ್ರವ ಲೋಹವನ್ನೇ ಆಯಿಲ್ ಥರ ಬಳಸುತ್ತಾರಂತೆ, 2000 ಡಿಗ್ರಿಗೂ ಕುದಿಯಲ್ಲವಂತೆ. ನಮಗೂ ಆಗುತ್ತಾ?

ಉತ್ತರ: ನೀವು ಕೇಳಿದ್ದು ನಿಜ. ಆದರೆ ಟ್ರಾಲಿಗೆ ಬೇಡ.

ಸಿ.ಟಿ. ಟ್ಯೂಬಿನಲ್ಲಿ ಎಕ್ಸ್-ರೇ ಹೊಮ್ಮಿಸುವ ಆನೋಡ್ ತಟ್ಟೆ ಗಿರಗಿರ ತಿರುಗುತ್ತಿರುತ್ತದೆ. ಅದಕ್ಕೆ ಬಡಿಯುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಶೇ. 99 ಬರೀ ಶಾಖವಾಗುತ್ತದೆ. ಸುತ್ತ ನಿರ್ವಾತ. ಅಲ್ಲಿ ಆಯಿಲ್ ಹಾಕಿದರೆ ಆವಿಯಾಗಿ ನಿರ್ವಾತವೇ ಕೆಡುತ್ತದೆ. ಅದಕ್ಕೇ ಬೆಳ್ಳಿ ಅಥವಾ ಸೀಸ ಲೇಪಿಸಿದ ಬಾಲ್ ಬೇರಿಂಗ್ ಹಾಕುತ್ತಿದ್ದರು. ಎಷ್ಟೋ ಟ್ಯೂಬುಗಳಲ್ಲಿ ಈಗಲೂ ಅದೇ ಇದೆ. 1989ರಲ್ಲಿ ಫಿಲಿಪ್ಸ್ ಬಾಲ್‌ಗಳನ್ನೇ ಬಿಟ್ಟ ಟ್ಯೂಬ್ ತಂತು. ಬೇರಿಂಗ್ ಮೈಮೇಲೆ ಓರೆ ಗೀರುಗಳು, ಮೈಕ್ರಾನ್ ಲೆಕ್ಕದ ಸಂದಿನಲ್ಲಿ ಗ್ಯಾಲಿಯಂ ಮಿಶ್ರಲೋಹ. ತಿರುಗುವಾಗ ಆ ಗೀರುಗಳೇ ದ್ರವವನ್ನು ಒಳಕ್ಕೆ ತಳ್ಳಿ ಒತ್ತಡ ಹುಟ್ಟಿಸುತ್ತವೆ. ಎರಡು ಮೈ ತಾಗುವುದೇ ಇಲ್ಲ, ಸದ್ದೂ ಇಲ್ಲ. ನನ್ನ ಕೇಳಿದರೆ ದೊಡ್ಡ ಲಾಭ ಬೇರೆಯೇ: ಶಾಖ ಕೂಡ ಅದೇ ಲೋಹದ ಮೂಲಕ ಹೊರಗೆ ಹರಿದುಹೋಗುತ್ತದೆ.

ನಿಮ್ಮಲ್ಲಿ ಗಾಳಿ ಇದೆ. ಗಾಳಿ ತಾಗಿದ ಕೂಡಲೇ ಗ್ಯಾಲಿಯಂ ಮೇಲೆ ಆಕ್ಸೈಡ್ ಪೊರೆ ಕಟ್ಟುತ್ತದೆ, ಕಲಕಿದಷ್ಟೂ ರಾಡಿಯಾಗುತ್ತದೆ. ಬಿಸಿಯಲ್ಲಿ ಸ್ಟೀಲನ್ನೂ ತಿನ್ನುತ್ತದೆ. ಟ್ಯೂಬಿನ ಬೇರಿಂಗ್‌ಗೆ ಮಾಲಿಬ್ಡಿನಂ ಬಳಸುವುದು ಅದಕ್ಕೇ. ಅಲ್ಯೂಮಿನಿಯಂ ಮೇಲಂತೂ ಒಂದು ಹನಿ ಇಂಗಿದರೆ ಸಾಕು, ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಇನ್ನು, ಗ್ಯಾಲಿಯಂ ಹೆಚ್ಚುಕಡಿಮೆ ನೀರಿನಷ್ಟೇ ತೆಳು. ಟ್ರಾಲಿ ತೆವಳುವ ವೇಗಕ್ಕೆ ಎರಡು ಮೈಗಳ ನಡುವೆ ದ್ರವದ ಪದರ ನಿಲ್ಲಲ್ಲ. ರೇಟ್ ವಿಷಯ ಬಿಡಿ.

ಸುಮ್ನೆ ಕಿಲ್ನ್ (ಸುಡುಗೂಡು) ಟ್ರಾಲಿಗೆಂದೇ ಬರುವ, ಗ್ರೀಸ್ ಬದಲು ಒಣ ಗ್ರಾಫೈಟ್‌ನಿಂದಲೇ ಜಾರುವ ಗ್ರಾಫೈಟ್ ಬೇರಿಂಗ್ ತರಿಸಿ. ಕ್ಲಿಯರೆನ್ಸ್, ಅಂದರೆ ಒಳಗಿನ ಸಂದು, ಜಾಸ್ತಿ ಇರುವುದನ್ನೇ ಕೇಳಿ.

ಇನ್ನೊಬ್ಬರು: ಹಾಗಾದರೆ ದ್ರವ ಲೋಹವನ್ನು ಆಯಿಲ್ ಥರ ಬಳಸೋದು ಸಿ.ಟಿ. ಬಿಟ್ಟು ಬೇರೆಲ್ಲೂ ಇಲ್ವಾ ಮೇಡಂ?

ಉತ್ತರ: ಇದೆ. ತಮಿಳುನಾಡಿನ ಕಲ್ಪಾಕ್ಕಂನ ಪಿ.ಎಫ್.ಬಿ.ಆರ್. (ಪ್ರೊಟೊಟೈಪ್ ಫಾಸ್ಟ್ ಬ್ರೀಡರ್) ಅಣು ರಿಯಾಕ್ಟರಿನ ಪ್ರೈಮರಿ ಪಂಪ್ ನೋಡಿ. ಅದು ತಳ್ಳುವುದು 400 ಡಿಗ್ರಿ ಆಸುಪಾಸಿನ ದ್ರವ ಸೋಡಿಯಂ. ಕೆಳಗಿನ ಹೈಡ್ರೋಸ್ಟಾಟಿಕ್ (ಒತ್ತಡದಲ್ಲಿ ತುಂಬಿದ ದ್ರವವೇ ಶಾಫ್ಟ್ ಹೊರುವ) ಬೇರಿಂಗ್‌ಗೆ ಆ ಸೋಡಿಯಮ್ಮೇ ಆಯಿಲ್. ಮೇಲೆ ಆರ್ಗಾನ್ ಹೊದಿಕೆ, ಗಾಳಿಗೆ ಜಾಗವೇ ಇಲ್ಲ.

ಪ್ರಶ್ನೆ ಕೇಳಿದವರು: ಸರಿ ಮೇಡಂ, ಗ್ರಾಫೈಟ್ ಬೇರಿಂಗ್‌ಗೇ ಹೋಗ್ತೀವಿ. ಆಗಾಗ ಸ್ವಲ್ಪ ಗ್ರೀಸ್ ಹೊಡೆದರೆ ಒಳ್ಳೇದಲ್ವಾ?

ಉತ್ತರ: ಬೇಡವೇ ಬೇಡ. ಗ್ರೀಸ್ ಸುಟ್ಟ ಕರಿ ಗ್ರಾಫೈಟ್ ಜೊತೆ ಸೇರಿ ಬೇರಿಂಗ್ ಹಿಡಿದುಕೊಳ್ಳುತ್ತದೆ. ಗ್ರೀಸ್ ನಿಪ್ಪಲ್ ಬಿಚ್ಚಿ ಪ್ಲಗ್ ಹಾಕಿಬಿಡಿ. ಇಲ್ಲದಿದ್ದರೆ ನೈಟ್ ಶಿಫ್ಟಿನವರು ಹೊಡೆದೇ ಹೊಡೆಯುತ್ತಾರೆ.