ಯಗಚಿ ಹಿನ್ನೀರಿಗೆ ದೋಣಿ ಮೋಟಾರ್: ಹಳೆಯ 2 ಸ್ಟ್ರೋಕಾ, ಹೊಸ 4 ಸ್ಟ್ರೋಕಾ?

ಕೇಳಿದವರು, ಬೇಲೂರು:
ಯಗಚಿ ಹಿನ್ನೀರಿನ ಆಚೆ ದಡದಲ್ಲಿ ನಮಗೆ ಸ್ವಲ್ಪ ಜಮೀನಿದೆ. 14 ಅಡಿಯ ಫೈಬರ್ ದೋಣಿ ಇದೆ, ಈಗ ಹುಟ್ಟು ಹಾಕಿಕೊಂಡೇ ಹೋಗುತ್ತೇವೆ. ಮೂರು ಜನ, ಜೊತೆಗೆ ಗೊಬ್ಬರದ ಮೂಟೆ. ಅಪ್ಪನಿಗೆ ಈಗ ಭುಜ ನೋವು. ಹಳೆಯ 2 ಸ್ಟ್ರೋಕ್ 8 ಹೆಚ್‌ಪಿ ಒಂದು 70,000ಕ್ಕೆ ಸಿಗುತ್ತಿದೆ. ಹೊಸ 4 ಸ್ಟ್ರೋಕ್ 9.9 ತಗೊಂಡರೆ ಎರಡೂಕಾಲು ಲಕ್ಷ. ಹತ್ತಿರದಲ್ಲಿ ಮೆಕ್ಯಾನಿಕ್ ಇಲ್ಲ. ಬಳಸಿದವರು ಹೇಳಿ, ಯಾವುದು ನಡುನೀರಲ್ಲಿ ಕೈ ಕೊಡಲ್ಲ?

ಲಕ್ಕವಳ್ಳಿಯವನು:
2 ಸ್ಟ್ರೋಕ್. ಇದರಲ್ಲಿ ಯೋಚನೆ ಮಾಡುವುದೇನಿದೆ? ಭದ್ರಾ ಹಿನ್ನೀರಿನಲ್ಲಿ ನನ್ನದು ಅದೇ 8 ಹೆಚ್‌ಪಿ. ವಾಲ್ವ್ ಇಲ್ಲ, ಟೈಮಿಂಗ್ ಬೆಲ್ಟ್ ಇಲ್ಲ. ಕಾರ್ಬ್ಯುರೇಟರ್, ಎರಡು ಪ್ಲಗ್, ಮುಗಿಯಿತು. ತೂಕ 27 ಕೆಜಿ. ಸಂಜೆ ಬಿಚ್ಚಿ ಹೆಗಲ ಮೇಲೆ ಇಟ್ಟುಕೊಂಡು ಮನೆಗೆ ಹೋಗುತ್ತೇನೆ, ಕಳ್ಳರ ಭಯವೂ ಇಲ್ಲ. ಹೋದ ವರ್ಷದ ಖರ್ಚು ಬರೆದಿಟ್ಟಿದ್ದೇನೆ: ಇಂಪೆಲ್ಲರ್ (ಎಂಜಿನ್ ತಣಿಸಲು ನೀರು ಎಳೆಯುವ ರಬ್ಬರ್ ಚಕ್ರ) 1,850, ಪ್ಲಗ್ ಎರಡಕ್ಕೆ 480, ಗೇರ್ ಆಯಿಲ್ 650, ಫ್ಯೂಯೆಲ್ ಫಿಲ್ಟರ್ 350. ಒಟ್ಟು 3,330. ಕೂಲಿ ಸೊನ್ನೆ, ಎಲ್ಲಾ ನಾನೇ ಮಾಡುವುದು. ಇಂಪೆಲ್ಲರ್ ಚೆನ್ನಾಗಿದ್ದರೂ ಮಳೆಗಾಲ ಮುಗಿದ ಮೇಲೆ ಬದಲಾಯಿಸಿಬಿಡುತ್ತೇನೆ. ರಬ್ಬರ್ ಎಲೆ ಒಂದು ಮುರಿದು ನೀರಿನ ದಾರಿಗೆ ಸಿಕ್ಕಿಕೊಂಡರೆ ಎಂಜಿನ್ನೇ ಸೀಜ್. ಪೆಟ್ರೋಲ್‌ಗೆ ಬೆರೆಸುವ ಎಣ್ಣೆ ಲೀಟರ್‌ಗೆ 20 ಎಂಎಲ್, ಅದೂ ದೋಣಿ ಎಂಜಿನ್‌ನ ಟಿಸಿ-ಡಬ್ಲ್ಯೂ3 ಮಾತ್ರ. ಬಂಕ್‌ನಲ್ಲಿ ಸಿಗುವ ಸ್ಕೂಟರ್ 2ಟಿ ಎಣ್ಣೆ ಹಾಕುವವರ ಜೊತೆ ನಾನು ಮಾತಾಡಲ್ಲ.

ಗೊರೂರು ಹಿನ್ನೀರು:
ಹೊಸದು ತಗೊಂಡರೆ ತಲೆನೋವಿಲ್ಲ ಅಂತ ನನಗೂ ಡೀಲರ್ ಹೇಳಿದ್ದ. 4 ಸ್ಟ್ರೋಕ್ 9.9, ಹೇಮಾವತಿ ಹಿನ್ನೀರಿಗೆ ಇಳಿಸಿದೆ. ಇಲ್ಲಿ ನೀರೊಳಗೆ ಏನಿದೆ ಅಂತ ನಿಮಗೆ ಗೊತ್ತಲ್ಲ, ಮುಳುಗಿದ ಊರು, ಮುಳುಗಿದ ತೋಪು. ಶೆಟ್ಟಿಹಳ್ಳಿ ಚರ್ಚ್ ನೀರಿನ ಮೇಲೆ ಕಾಣುತ್ತದೆ, ಮರದ ಬೊಡ್ಡೆ ಕಾಣಲ್ಲ. ಒಂದಕ್ಕೆ ಬಡಿಯಿತು. ಪ್ರೊಪೆಲ್ಲರ್‌ಗೆ ಏನೂ ಆಗಿರಲಿಲ್ಲ, ಓಡುತ್ತಲೇ ಇತ್ತು. ಆಮೇಲೆ ಗೇರ್ ಬಾಕ್ಸ್‌ನ ಕೆಳಗಿನ ಸ್ಕ್ರೂ ಬಿಚ್ಚಿದರೆ ಗೇರ್ ಆಯಿಲ್ ಹಾಲು ಹಾಕಿದ ಕಾಫಿ ಥರ ಬಂತು. ಶಾಫ್ಟ್ ಕೂದಲೆಳೆಯಷ್ಟು ಬಾಗಿ, ಸೀಲ್ ಸವೆದು, ನೀರು ಒಳಗೆ ಹೋಗಿತ್ತು. ಕೇಳಿ: ಸೀಲ್ ಕಿಟ್ 2,400. ಬೇರಿಂಗ್ 3,100. ಗೇರ್ ಸೆಟ್ 21,500. ಪ್ರೊಪೆಲ್ಲರ್ ಶಾಫ್ಟ್ 14,200. ಕೂಲಿ 6,000. ಮಂಗಳೂರಿಗೆ ಎರಡು ಸಲ ಪಿಕಪ್ ಬಾಡಿಗೆ 9,000. ಎಲ್ಲಾ ಸೇರಿ 56,200. ವಾರಂಟಿ ಕೇಳಿದರೆ "ಬಡಿದಿದ್ದಕ್ಕೆ ಬರಲ್ಲ" ಅಂದರು. ಶಿರಾಡಿಯಲ್ಲಿ ಆ ವಾರ ಗುಡ್ಡ ಕುಸಿದಿತ್ತು, ಚಾರ್ಮಾಡಿ ಸುತ್ತಿ ಹೋಗಬೇಕಾಯಿತು. ಅದನ್ನು ಲೆಕ್ಕಕ್ಕೇ ಹಿಡಿದಿಲ್ಲ.

ಲಕ್ಕವಳ್ಳಿಯವನು:
ಬೊಡ್ಡೆಗೆ ಬಡಿದರೆ ಯಾವ ಸ್ಟ್ರೋಕ್ ಆದರೇನು? ಅದು ಎಂಜಿನ್ ತಪ್ಪಲ್ಲ. ಡಿಸೆಂಬರ್ ಮೇಲೆ ಆ ದಾರಿಯಲ್ಲಿ ಅರ್ಧ ಥ್ರಾಟಲ್‌ನಲ್ಲಿ ಹೋಗಬೇಕು.

ಗೊರೂರು ಹಿನ್ನೀರು:
ಅರ್ಧ ಥ್ರಾಟಲ್‌ನಲ್ಲೇ ಇದ್ದೆ. ದೋಣಿಯಲ್ಲಿ ನೀವಿದ್ದಿರಾ?

ಮೂಡಿಗೆರೆ ತೋಟ:
ನಾನು ಕರಾವಳಿಯಿಂದ ಹಳೆಯದು ತಂದೆ, 45,000. ಸೀಮೆಎಣ್ಣೆ ಮಾಡೆಲ್. ಅಲ್ಲಿ ನಾಡದೋಣಿಯವರು ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ಅವರದು ಗಂಟೆಗಟ್ಟಲೆ ಓಟ. ನಮ್ಮ ಕೆರೆಯಲ್ಲಿ ಎಂಜಿನ್ ಬಿಸಿಯಾಗುವಷ್ಟರಲ್ಲಿ ಆಚೆ ದಡ. ಅವರಿಗೆ ಸಬ್ಸಿಡಿ ಸೀಮೆಎಣ್ಣೆ ಸಿಗುತ್ತದೆ, ನಮಗೆ ಯಾರು ಕೊಡುತ್ತಾರೆ? ಸರಿ, ಬರೀ ಪೆಟ್ರೋಲ್‌ನಲ್ಲೇ ಓಡಿಸಿದೆ. ಎಂಜಿನ್ ತಣಿಸಿ ಹೊರಬರುವ ನೀರಿನ ಧಾರೆ ಸಣ್ಣದಾಯಿತು, ಎಂಜಿನ್ ಕಾಯಿತು. ಎಂಜಿನ್‌ನ ತಲೆ ಬಿಚ್ಚಿದರೆ ನೀರಿನ ದಾರಿ ತುಂಬಾ ಉಪ್ಪು ಗಟ್ಟಿಯಾಗಿ ಕೂತಿದೆ. ಥರ್ಮೋಸ್ಟಾಟ್ ಅಂಟಿಕೊಂಡಿದೆ. ತುಕ್ಕು ತಡೆಯಲು ತಾನೇ ಸವೆಯುವ ಲೋಹದ ತುಂಡು, ಆನೋಡ್, ಇರಬೇಕಾದ ಜಾಗದಲ್ಲಿ ಬೋಲ್ಟ್ ಮಾತ್ರ. ಮೇಲೆ ಹೊಸ ಪೇಂಟ್ ಬಳಿದು ಕೊಟ್ಟಿದ್ದ ಪುಣ್ಯಾತ್ಮ. ತಲೆಯ ಗ್ಯಾಸ್ಕೆಟ್ 1,900, ಥರ್ಮೋಸ್ಟಾಟ್ 1,400, ಮುರಿದ ಬೋಲ್ಟ್ ತೆಗೆಸಲು ಲೇತ್‌ನವನಿಗೆ 3,500. ಒಂದು ಬೋಲ್ಟ್ ಇನ್ನೂ ಒಳಗೇ ಇದೆ.

ಇನ್ನೊಂದು ಮಾತು. ನಾನು ಬಂಕ್ 2ಟಿಯನ್ನೇ ಹಾಕುತ್ತೇನೆ. ಏನೂ ಆಗಿಲ್ಲ.

ಲಕ್ಕವಳ್ಳಿಯವನು:
ಏನೂ ಆಗಿಲ್ಲ ಅಂತ ಹೇಳಿ, ಮೇಲೆ ಒಂದು ಪಟ್ಟಿ ಬರೆದಿದ್ದೀರಲ್ಲ ಸ್ವಾಮಿ. ಸ್ಕೂಟರ್ ಎಣ್ಣೆ ಗಾಳಿಯಲ್ಲಿ ತಣಿಯುವ ಎಂಜಿನ್‌ಗೆ ಮಾಡಿದ್ದು, ಉರಿದರೆ ಬೂದಿ ಬಿಡುತ್ತದೆ. ದೋಣಿ ಎಂಜಿನ್ ನೀರಿನಲ್ಲಿ ತಣಿಯುವುದು, ಅದಕ್ಕೆ ಬೂದಿ ಬಿಡದ ಎಣ್ಣೆ ಬೇಕು.

ಮೂಡಿಗೆರೆ ತೋಟ:
ಉಪ್ಪು ಎಣ್ಣೆಯಿಂದ ಬಂತಾ? ಓದಿ ಮಾತಾಡಿ.

ಹಾಸನ ಪೇಟೆ:
ನನ್ನ ಹತ್ತಿರ ದೋಣಿ ಇಲ್ಲ. ಆದರೆ ಹಾಸನಕ್ಕೆ ಕುಡಿಯುವ ನೀರು ಬರುವುದು ಹೇಮಾವತಿಯಿಂದ. ಈ ಲಕ್ಕವಳ್ಳಿಯವರ 2ಟಿ ಎಣ್ಣೆ ಕೊನೆಗೆ ನಮ್ಮ ನಲ್ಲಿಗೇ ಬರುತ್ತದೆ, ಅದನ್ನು ಯಾರೂ ಹೇಳುತ್ತಿಲ್ಲ.

ಲಕ್ಕವಳ್ಳಿಯವನು:
ಭದ್ರೆ ನೀರು ತುಂಗೆ ಜೊತೆ ಸೇರಿ ಕೃಷ್ಣೆಗೆ ಹೋಗುತ್ತದೆ. ಹೇಮಾವತಿ ಕಾವೇರಿಗೆ. ನನ್ನ ಎಣ್ಣೆ ನಿಮ್ಮ ನಲ್ಲಿಗೆ ಬರಬೇಕಾದರೆ ಬಸ್ ಹತ್ತಿಯೇ ಬರಬೇಕು.

ಚಿಕ್ಕಮಗಳೂರು, ಬ್ಯಾಟರಿಯವನು:
ಇದಕ್ಕೇ ನಾನು ಎಲೆಕ್ಟ್ರಿಕ್‌ಗೆ ಬಂದಿದ್ದು. 12 ವೋಲ್ಟ್, 55 ಪೌಂಡ್ ತಳ್ಳುವ ಮೋಟಾರ್. ಎಣ್ಣೆ ಇಲ್ಲ, ಪ್ಲಗ್ ಇಲ್ಲ, ಇಂಪೆಲ್ಲರ್ ಇಲ್ಲ, ಸದ್ದೂ ಇಲ್ಲ. ಪಕ್ಕದಲ್ಲಿ ನೀರುಕೋಳಿ ಕೂತಿದ್ದರೂ ಹಾರಲ್ಲ. ಮೋಟಾರ್ 24,000, ಬ್ಯಾಟರಿ 17,500. ಪ್ರೊಪೆಲ್ಲರ್‌ಗೆ ಕಳೆ ಸುತ್ತಿದರೆ ಕೈಯಲ್ಲಿ ಬಿಚ್ಚುವುದು, ಅಷ್ಟೇ ಮೆಂಟೆನೆನ್ಸ್.

ಗೊರೂರು ಹಿನ್ನೀರು:
ಫುಲ್‌ನಲ್ಲಿ 50 ಆಂಪ್ ಎಳೆಯುತ್ತದೆ. 100 ಎಎಚ್ ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಹಾಳಾಗುತ್ತದೆ. ಅಲ್ಲಿಗೆ ಒಂದು ಗಂಟೆ ಕೂಡ ಇಲ್ಲ. ಜೂನ್‌ನಲ್ಲಿ ಎದುರು ಗಾಳಿ ಬಂದರೆ ಗೊಬ್ಬರದ ಮೂಟೆ ಹೊತ್ತ ದೋಣಿ ನಿಂತಲ್ಲೇ ನಿಲ್ಲುತ್ತದೆ. ನೀರುಕೋಳಿ ಬೇಕಾದರೆ ಮೇಲೆ ಬಂದು ಕೂರುತ್ತದೆ.

ಬ್ಯಾಟರಿಯವನು:
56,200 ಕೊಟ್ಟು ಗೇರ್ ಮಾಡಿಸಿದವರು ನನಗೆ ಲೆಕ್ಕ ಹೇಳಬೇಡಿ.

ಗೊರೂರು ಹಿನ್ನೀರು:
ಬೇಲೂರಿನವರಿಗೆ ಮಾತ್ರ ಹೇಳುತ್ತೇನೆ, ಉಳಿದವರು ಬಿಡಿ. ನನ್ನ ಎಂಜಿನ್ ಶುರುವಿನಿಂದಲೂ ಪೂರ್ತಿ ಆರ್‌ಪಿಎಂ ಹತ್ತುತ್ತಿರಲಿಲ್ಲ. ಡೀಲರ್ ಕಡೆಯವನು ಕಾರ್ಬ್ಯುರೇಟರ್ ತಿರುಗಿಸಿದ್ದೇ ತಿರುಗಿಸಿದ್ದು. ಕಾರಣ ಬೇರೆ. ಹೇಮಾವತಿ ಅಣೆಕಟ್ಟಿನ ಗರಿಷ್ಠ ಮಟ್ಟ 2,922 ಅಡಿ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದು ಸಮುದ್ರ ಮಟ್ಟದಿಂದ. ಸಾವಿರ ಅಡಿಗೆ ಸುಮಾರು 3 ಪರ್ಸೆಂಟ್ ಪವರ್ ಹೋಗುತ್ತದೆ. ಅಂದರೆ 9.9ರಲ್ಲಿ 9 ಮಾತ್ರ ಉಳಿಯಿತು. ಯಗಚಿ ಹರಿದು ಹೇಮಾವತಿಗೇ ಸೇರುವ ಹೊಳೆ, ನಿಮ್ಮದು ಇನ್ನೂ ಎತ್ತರ. ಒಂದು ಇಂಚು ಕಡಿಮೆ ಪಿಚ್‌ನ (ಒಂದು ಸುತ್ತಿಗೆ ಮುಂದೆ ಹೋಗುವ ದೂರ) ಪ್ರೊಪೆಲ್ಲರ್ ಹಾಕಿಸಿ, ಸುಮಾರು 200 ಆರ್‌ಪಿಎಂ ವಾಪಸ್ ಬರುತ್ತದೆ. ನನಗೆ 7,800 ಆಯಿತು.

ಲಕ್ಕವಳ್ಳಿಯವನು:
ನಮ್ಮಲ್ಲಿ ಗರಿಷ್ಠ ಮಟ್ಟ ಬರೀ 186 ಅಡಿ, ಅದಕ್ಕೇ ನನ್ನ ಎಂಜಿನ್‌ಗೆ ಈ ಕಾಯಿಲೆ ಇಲ್ಲ ಅನ್ನಿ.

ಗೊರೂರು ಹಿನ್ನೀರು:
186 ನಿಮ್ಮ ಅಣೆಕಟ್ಟಿನ ಬುಡದಿಂದ ಅಳೆದಿದ್ದು. ಸಮುದ್ರದಿಂದ ಅಳೆದರೆ ಲಕ್ಕವಳ್ಳಿಯೂ ಎರಡು ಸಾವಿರ ಅಡಿ ದಾಟುತ್ತದೆ. ಇಲ್ಲದಿದ್ದರೆ ಭದ್ರಾವತಿಯಲ್ಲಿ ಬೀಚ್ ಇರಬೇಕಿತ್ತು.

ಕಡೂರಿನಿಂದ:
ಎಲ್ಲಾ ಎಂಜಿನ್ ಬಗ್ಗೆ ಹೇಳಿದಿರಿ, ಪೆಟ್ರೋಲ್ ಬಗ್ಗೆ ಯಾರೂ ಹೇಳಲಿಲ್ಲ. ಈಗ ಬರುವುದು ಇ20, ಅಂದರೆ 20 ಪರ್ಸೆಂಟ್ ಎಥೆನಾಲ್ ಬೆರೆಸಿದ್ದು. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಯಲ್ಲಿ ಅರ್ಧ ತುಂಬಿದ ಟ್ಯಾಂಕ್ ಬಿಟ್ಟರೆ ನೀರು ಬೇರೆಯಾಗಿ ತಳಕ್ಕೆ ಕೂರುತ್ತದೆ, ಮೊದಲು ಎಂಜಿನ್‌ಗೆ ಹೋಗುವುದೇ ಅದು. ನಿಲ್ಲಿಸುವಾಗ ಪೆಟ್ರೋಲ್ ಪೈಪ್ ಕಿತ್ತು ಕಾರ್ಬ್ಯುರೇಟರ್ ಖಾಲಿ ಆಗುವವರೆಗೆ ಓಡಿಸಿ. ಜೆಟ್ ಕ್ಲೀನ್ ಮಾಡಿಸಲು ನಾನು ಸಲಕ್ಕೆ 1,200 ಕೊಟ್ಟು ಸಾಕಾಗಿದೆ. ಮತ್ತೆ, ಮೋಟಾರ್ ಹಾಕಿದ ದೋಣಿಗೆ 2021ರ ಒಳನಾಡು ಹಡಗು ಕಾಯ್ದೆಯಲ್ಲಿ ರಿಜಿಸ್ಟ್ರೇಷನ್ ಇದೆ. ನೀರಾವರಿ ನಿಗಮದವರನ್ನೂ ಮೊದಲೇ ಕೇಳಿಕೊಳ್ಳಿ.

ಕೇಳಿದವರು, ಬೇಲೂರು:
ಎಲ್ಲರಿಗೂ ಥ್ಯಾಂಕ್ಸ್. ಆದರೆ ನಾನು ಕೇಳಿದ್ದು 70,000ದ ಆ 8 ಹೆಚ್‌ಪಿ ತಗೋಬಹುದಾ ಅಂತ. ಭಾನುವಾರ ನೋಡಲು ಹೋಗುತ್ತಿದ್ದೇನೆ.

ಮೂಡಿಗೆರೆ ತೋಟ:
ಪೇಂಟ್ ನೋಡಬೇಡಿ. ಕಂಪ್ರೆಷನ್ ಗೇಜ್ ಹಿಡಿದುಕೊಂಡು ಹೋಗಿ. ಎರಡು ಸಿಲಿಂಡರ್ ನಡುವೆ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಬೇಡ. ಗೇರ್ ಬಾಕ್ಸ್‌ನ ಕೆಳಗಿನ ಸ್ಕ್ರೂ ಬಿಚ್ಚಿ ಎಣ್ಣೆ ನೋಡಿ, ಬಿಚ್ಚಲು ಬಿಡಲ್ಲ ಅಂದರೆ ಅದೇ ಉತ್ತರ. ಶಾಫ್ಟ್, ಅಂದರೆ ನೀರಿಗೆ ಇಳಿಯುವ ಮೋಟಾರಿನ ಕಾಲು, 15 ಇಂಚಾ 20 ಇಂಚಾ ಅಳೆಯಿರಿ, ನಿಮ್ಮ ದೋಣಿಯ ಹಿಂದಿನ ಹಲಗೆಗೆ ಹೊಂದಬೇಕು. ಸಮುದ್ರದಲ್ಲಿ ಓಡಿದ್ದಾ ಅಂತ ಕೇಳಿ, ಇಲ್ಲ ಅಂದರೂ ಥರ್ಮೋಸ್ಟಾಟ್ ಮುಚ್ಚಳ ಬಿಚ್ಚಿಸಿ. ಡ್ರಮ್ಮಿನಲ್ಲಿ ನೀರು ತುಂಬಿಸಿ ಓಡಿಸಿ, ಒಣಗಿದ್ದಾಗ ಒಂದು ನಿಮಿಷ ಓಡಿಸಿದರೂ ಇಂಪೆಲ್ಲರ್ ಹೋಗುತ್ತದೆ. ನೀವು ಹೋಗುವ ಹೊತ್ತಿಗೆ ಎಂಜಿನ್ ಬಿಸಿಯಾಗಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ತಣ್ಣಗಿರುವಾಗ ಹೇಗೆ ಸ್ಟಾರ್ಟ್ ಆಗುತ್ತದೆ ಅನ್ನುವುದನ್ನೇ ಅವರು ನಿಮಗೆ ತೋರಿಸಲ್ಲ.

ಲಕ್ಕವಳ್ಳಿಯವನು:
ಇಷ್ಟನ್ನು ನೀವು ನಿಮ್ಮದಕ್ಕೆ ನೋಡಿದ್ದಿರಾ?

ಮೂಡಿಗೆರೆ ತೋಟ:
ನಾನು ಬೇಲೂರಿನವರಿಗೆ ಹೇಳಿದ್ದು. ನಿಮಗಲ್ಲ.