ನರೇಟರ್ ಕನ್ನಡ ಓದುತ್ತಿಲ್ಲ, ಏನು ಮಾಡೋದು?

ಪ್ರಶ್ನೆ (ತುಮಕೂರು): ಕಣ್ಣು ಕಾಣದ ವಿದ್ಯಾರ್ಥಿಯ ವಿಂಡೋಸ್ 11ರಲ್ಲಿ ನರೇಟರ್ (ತೆರೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ) ಇಂಗ್ಲಿಷನ್ನು ಸರಿಯಾಗಿ ಓದುತ್ತೆ, ಕನ್ನಡದ ಸಾಲು ಬಂದರೆ ಸುಮ್ಮನಾಗುತ್ತೆ. ಯಾಕೆ?

ಉತ್ತರ (ಕೋಲಾರ): ಆರಿಸಿರುವ ಧ್ವನಿ ಇಂಗ್ಲಿಷಿನದು ಸರ್, ಅದಕ್ಕೆ ಕನ್ನಡ ಅಕ್ಷರ ಗೊತ್ತಿಲ್ಲ. ನರೇಟರ್ ಬದಲು, ಉಚಿತವಾಗಿ ಸಿಗುವ ಎನ್‌ವಿಡಿಎ (NVDA) ಎಂಬ ಓದುವ ತಂತ್ರಾಂಶ ಹಾಕಿ. ಇನ್ಸರ್ಟ್+ಕಂಟ್ರೋಲ್+ಎಸ್ ಒತ್ತಿ ಅದರಲ್ಲೇ ಇರುವ ಇಸ್ಪೀಕ್ (eSpeak) ಎಂಬ ಧ್ವನಿ ತಂತ್ರಾಂಶ ಆರಿಸಿ, ಆಮೇಲೆ ಇನ್ಸರ್ಟ್+ಕಂಟ್ರೋಲ್+ವಿ ಒತ್ತಿ ಧ್ವನಿಪಟ್ಟಿಯಲ್ಲಿ ಕನ್ನಡ. ಅದಕ್ಕೂ ಮೊದಲು ಕಂಟ್ರೋಲ್+ವಿಂಡೋಸ್+ಎಂಟರ್ ಒತ್ತಿ ನರೇಟರ್ ನಿಲ್ಲಿಸಿ. ಇಲ್ಲದಿದ್ದರೆ ಎರಡೂ ಒಟ್ಟಿಗೆ ಮಾತಾಡಿ ಒಂದೂ ಅರ್ಥವಾಗಲ್ಲ. ಧ್ವನಿ ಯಂತ್ರದಂತಿದೆ, ಆದರೆ ಉಚ್ಚಾರ ತಿಳಿಯುತ್ತೆ.

ಉತ್ತರ (ಚಿಕ್ಕಬಳ್ಳಾಪುರ): ಕಡತವನ್ನೂ ನೋಡಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಕಂಪ್ಯೂಟರಿಗೆ ಕನ್ನಡ ಅಕ್ಷರವೆಂದೇ ತಿಳಿಯುವ ಯೂನಿಕೋಡ್‌ಗೆ ಪರಿವರ್ತಿಸದೆ ಯಾವ ಧ್ವನಿಯೂ ಅದನ್ನು ಕನ್ನಡವಾಗಿ ಓದಲ್ಲ.

ಪ್ರಶ್ನೆ ಕೇಳಿದವರು: ನೋಟ್ಸ್ ಎಲ್ಲ ನುಡಿಯಲ್ಲೇ ಇದೆ! ಮೊದಲು ಪರಿವರ್ತಿಸ್ತೀನಿ.